ದೀಪ ಹಚ್ಚಿದ ಮೇಲಿನ ಊಟ

ಮನೆಗೂ ಮನುಷ್ಯನಂತೆ ಆತ್ಮವಿರುತ್ತದೆ, ಕಾಯ ಬದಲಾದರೂ ಅದು ಅಳಿಯುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ಗಡಹಿಂಗ್ಲಜದಲ್ಲಿ ನಮ್ಮ ತಾಯಿಯ ತವರುಮನೆಗೆ ಈಗ ಆತ್ಮವಿದೆಯೋ ಇಲ್ಲವೋ, ಪಾರ್ಕಿಂಗ್ ಇದೆ. ಸೋದರಮಾವನ ಮಕ್ಕಳಿಂದ ಕೊಂಡವರು ಅದನ್ನು ಹೋಟೆಲು ಮಾಡಿದ್ದಾರೆ.

ನನ್ನ ಅಕ್ಕ ಹುಟ್ಟಿದ್ದು ಆ ಮನೆಯಲ್ಲಿ. ಅಲ್ಲಿಯ ನಡುಮನೆಯಲ್ಲಿ ಇನ್ನೊಮ್ಮೆ ಕೂತು ಉಣ್ಣಬೇಕೆಂದು ಅವಳಿಗೆ ಭಾರೀ ಆಸೆ. ನಾವು ಜೈನರು. ನಾನು ನಿಯಮ ಬಿಟ್ಟು ಬಹಳ ದಿನವಾಯಿತು. ಅಕ್ಕ ಮಾತ್ರ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವವಳಲ್ಲ. ಆದ್ದರಿಂದ ಇಚಲಕರಂಜಿಯಿಂದಲೇ ಫೋನು ಮಾಡಿ, ಐದಕ್ಕೆ ಬರುತ್ತೇವೆ, ಬೆಳಕಿರುವಾಗಲೇ ಊಟವಾಗಬೇಕು ಎಂದು ಹೇಳಿದ್ದೆ. ಹೂಂ ಅಂದಿದ್ದರು.

ಹೋದಾಗ ನಮಗೆ ಕುಂಕುಮ ಹಚ್ಚಿದರು, ಬೆಲ್ಲ ನೀರು ಕೊಟ್ಟರು, ಫೋಟೋ ತೆಗೆದರು. ಊಟ ಮಾತ್ರ ಇಲ್ಲ. ಅಜ್ಜಿಯ ಬೀಸುವ ಕಲ್ಲಿನ ಮೇಲೆ ಪ್ಲಾಸ್ಟಿಕ್ ಹೂವು. ಅದರ ಮೇಲಿನ ಗೋಡೆಗೆ ಮರಾಠಿ ಫಲಕ: ಈ ಜೈನ ವಾಡೆಮನೆಯ ಪರಂಪರೆಯಂತೆ, ದೀಪದ ಬೆಳಕಿನಲ್ಲಿ ಊಟ.

ಓದಿ ನನ್ನ ಮೈ ಉರಿಯಿತು. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಒಲೆ ಸಾರಿಸಿ ಪಾತ್ರೆ ಬೋರಲು ಹಾಕಿರುತ್ತಿದ್ದಳು. ಆ ಮನೆಯಲ್ಲಿ ದೀಪದ ಬೆಳಕಿನಲ್ಲಿ ಉಂಡ ಜೀವವೆಂದರೆ ಬೆಕ್ಕು ಒಂದೇ, ಅದೂ ಕದ್ದು.

ಮ್ಯಾನೇಜರನನ್ನು ಕರೆದು, ಒಲೆ ಹಚ್ಚಲು ಮುಹೂರ್ತ ನೋಡುತ್ತಿದ್ದೀರೇನು ಎಂದು ಕೇಳಿದೆ.

"ಹಂಗಲ್ರಿ ಕಾಕಾ, ಕೊಲ್ಹಾಪುರದಿಂದ ಮಂದಿ ದೀಪಾ ನೋಡಾಕಂತನ ಬರ್ತಾರ. ಅಡಗಿಯವ್ರು ಬರೂದ ಆಮ್ಯಾಲೆ. ನೀವು ಐದಕ್ಕ ವಾಡೆ ನೋಡಾಕ ಬರ್ತೀರಿ ಅಂತ ತಿಳಕೊಂಡಿದ್ದೆ."

ಫೋನಿನಲ್ಲಿ ನಾನು ಆಡಿದ್ದನ್ನು ಅಕ್ಷರಕ್ಕಕ್ಷರ ಒಪ್ಪಿಸಿದೆ. ನನ್ನ ದನಿ ಏರಿತು, ಅವನ ನಗು ಇಳಿಯಲಿಲ್ಲ. ಅಕ್ಕ ಮಾತ್ರ ಅಂಗಳದ ಬಿಸಿಲು ಗೋಡೆ ಹತ್ತಿ ಹಂಚಿನಾಚೆ ಹೋಗುವುದನ್ನು ನೋಡುತ್ತ ಕೂತಿದ್ದಳು.

ಕತ್ತಲಾದ ಮೇಲೆ ತಾಟು ಬಂತು. ಜೋಳದ ರೊಟ್ಟಿ, ಬದನೆಕಾಯಿ, ಸುತ್ತಲೂ ನಾಲ್ಕು ದೀಪ. ಮ್ಯಾನೇಜರ ತಾನೇ ತಂದಿಟ್ಟು ಅಕ್ಕನತ್ತ ಬಾಗಿ ಹೇಳಿದ:

"ಮೋಡ ಮುಚ್ಚೇತಿ ಅಂತ ತಿಳಕೊಂಡ ಉಣ್ರಿ ಆಜಿ. ಇಲ್ಲಿ ಯಾರ ನೋಡ್ತಾರ?"

"ನೋಡಾವ್ರು ಯಾರೂ ಇಲ್ಲಂತನ ಈ ಮನಿ ಹಿಂಗಾಗೇತಪಾ," ಎಂದು ಅಕ್ಕ ತಾಟನ್ನು ಅವನತ್ತ ಸರಿಸಿ ಎದ್ದಳು.

ಆ ರಾತ್ರಿ ಅವಳು ಉಪವಾಸ ಮಲಗಿದಳು.