ಲಬೀಬನ ಹಳದಿ ಡಬ್ಬ

ಕೈರೋ ಪಟ್ಟಣ ಬಿಸಾಡಿದ್ದೆಲ್ಲ ಬಂದು ಬೀಳುವುದು ನಮ್ಮ ಮುಕತ್ತಮ್ ಗುಡ್ಡದಲ್ಲಿ. ಗಂಡಸರು ಗಾಡಿಯಲ್ಲಿ ತರುತ್ತಾರೆ, ಹೆಂಗಸರು ಅಂಗಳದಲ್ಲಿ ಸುರಿದುಕೊಂಡು ಬರಿಗೈಯಲ್ಲಿ ಆರಿಸುತ್ತಾರೆ. ಈ ಕಸದಿಂದ ಪಾರಾದವನೆಂದರೆ ಹಚ್ಚೆ ಹಾಕುವ ಲಬೀಬ್. ಪಾರಾದದ್ದು ಅವನು ಮಾತ್ರ. ಹೆಂಡತಿ ದಮ್ಯಾನಾ ತನ್ನ ಅಣ್ಣ ತರುವ ಕಸವನ್ನು ಈಗಲೂ ಆರಿಸುತ್ತಾಳೆ. ಮನೆ ನಡೆಯುವುದು ಅದರಿಂದ, ಮರ್ಯಾದೆ ನಡೆಯುವುದು ಇವನ ಅಂಗಡಿಯಿಂದ.

ಚರ್ಚಿನ ಬಾಗಿಲಲ್ಲೇ ಅಂಗಡಿ. ನಮ್ಮ ಕೂಸುಗಳ ಮಣಿಕಟ್ಟಿಗೆ ಶಿಲುಬೆಯ ಹಚ್ಚೆ ಹಾಕುವವನೂ, ಹೆಣ್ಣುಮಕ್ಕಳ ಕಿವಿ ಚುಚ್ಚುವವನೂ ಅವನೇ. ಮೊದಲೆಲ್ಲ ಅವನ ಶುಚಿತ್ವವೆಂದರೆ ಕೊಲೋನಿನಲ್ಲಿ ಅದ್ದಿದ ಒಂದು ಚಿಂದಿ. ಹಬ್ಬದ ಇಡೀ ಸಾಲಿಗೆ ಒಂದೇ ಸೂಜಿ. "ಶಿಲುಬೆಯಿಂದ ರೋಗ ಬರುತ್ತೇನಯ್ಯಾ? ನಂಬಿಕೆ ಬೇಕು" ಅನ್ನುತ್ತಿದ್ದ. ನಮ್ಮ ಓಣಿಯಲ್ಲಿ ಲಿವರ್ ಕೆಟ್ಟವರಿಗೆ ಬರವಿರಲಿಲ್ಲ, ನಂಬಿಕೆಗೂ ಬರವಿರಲಿಲ್ಲ.

ಆಮೇಲೆ ಕ್ಲಿನಿಕ್ಕಿನ ಡಾಕ್ಟರ್ ರಾನ್ಯಾ ಹಚ್ಚೆಯವರನ್ನೂ ಕಿವಿ ಚುಚ್ಚುವವರನ್ನೂ ಕೂಡಿಸಿ ತರಬೇತಿ ಕೊಟ್ಟರು. ಲಬೀಬ್ ಹೋದದ್ದು ಊಟಕ್ಕೆ, ಬಂದದ್ದು ಪ್ರೊಫೆಸರನಾಗಿ. ಕೈಗವಸು ಬಂತು. ಪ್ರತಿಯೊಬ್ಬರಿಗೂ ಬೇರೆ ಬಟ್ಟಲಲ್ಲಿ ಶಾಯಿ ಬಂತು. ಹೊಸ ಸೂಜಿಯ ಪೊಟ್ಟಣವನ್ನು ಗಿರಾಕಿಯ ಮೂಗಿನ ಮುಂದೆ ಹರಿದು, "ಒಂದು ಸೂಜಿ, ಒಂದೇ ಜೀವ!" ಎಂದು ಘೋಷಿಸುತ್ತಿದ್ದ. ಪಕ್ಕದಲ್ಲಿ ಚಹಾ ಮಾರುವ ನನಗೆ ಅದು ಬಾಯಿಪಾಠವಾಗಿತ್ತು.

ಬಳಸಿದ ಸೂಜಿ ಹಾಕಲೆಂದು ಡಾಕ್ಟರು ಗಟ್ಟಿ ಪ್ಲಾಸ್ಟಿಕ್ಕಿನ ಹಳದಿ ಡಬ್ಬವನ್ನೂ ಕೊಟ್ಟಿದ್ದರು. ತುಂಬುತ್ತ ಬಂದಾಗ ಕ್ಲಿನಿಕ್ಕಿಗೆ ಮುಟ್ಟಿಸಬೇಕು, ಅಲ್ಲಿ ಸುಡುತ್ತಾರೆ. ಲಬೀಬ್ ಅದನ್ನು ತರಬೇತಿಯ ಸರ್ಟಿಫಿಕೇಟಿಗೂ ಮರಿಯಮ್ಮನ ಪಟಕ್ಕೂ ನಡುವೆ ಇಟ್ಟು, ಮೇಲೊಂದು ಬಲ್ಬು ಹಾಕಿದ.

"ಅದರೊಳಗೆ ಸೂಜಿ ಹಾಕಲ್ವೇನೋ?" ಎಂದೆ.

"ಹಾಕಿದ್ರೆ ತುಂಬುತ್ತೆ, ತುಂಬಿದ್ರೆ ಕೊಡಬೇಕು. ಆಮೇಲೆ ಗಿರಾಕಿಗೆ ನಿನ್ನ ಚಹಾ ಕೆಟಲ್ ತೋರಿಸ್ಲಾ?"

"ಮತ್ತೆ ಸೂಜಿ?"

"ಪೇಪರಲ್ಲಿ ಸುತ್ತಿ ಬಿಸಾಡ್ತೀನಿ."

ಬಿಸಾಡುತ್ತಾನಂತೆ! ಪಟ್ಟಣದವರು ಆ ಮಾತು ಆಡಲಿ. ನಾವು ಬಿಸಾಡಿದ್ದು ಎಲ್ಲಿಗೆ ಹೋದೀತು? ಅಂಗಡಿಯ ಕಸದ ಚೀಲ ಭಾವಮೈದುನನ ಗಾಡಿ ಹತ್ತಿ, ಓಣಿ ಸುತ್ತಿ, ಲಬೀಬನ ಅಂಗಳದಲ್ಲೇ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ದಮ್ಯಾನಾ ರಕ್ತ ಒಸರುವ ಹೆಬ್ಬೆರಳನ್ನು ಎತ್ತಿ ಹಿಡಿದು ಅಂಗಡಿಗೆ ಬಂದಳು. ಇನ್ನೊಂದು ಕೈಯಲ್ಲಿ ಪೇಪರಿನ ಸುರುಳಿ, ಅದರಿಂದ ಹೊರಬಂದ ಹಚ್ಚೆಯ ಸೂಜಿ.

"ಬಿಶಾಯಿ ಅಪ್ಪಾ, ಇದು ನಿಂದೇನಾ?" ಗಂಡನನ್ನು ಮಗನ ಹೆಸರು ಹಿಡಿದೇ ಕರೆಯುವುದು ಅವಳ ರೂಢಿ.

ಲಬೀಬ್ ಸೂಜಿ ಕಸಿದು ಜೇಬಿಗೆ ಸೇರಿಸಿದ. ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋದೆ. ಡಾಕ್ಟರ್ ರಾನ್ಯಾ ಬೆರಳು ತೊಳೆಸಿ, ಯಾವ ಸೂಜಿ ಎಂದು ಕೇಳಿದರು.

"ಆಸ್ಪತ್ರೆ ಕಸ ಡಾಕ್ಟರಮ್ಮಾ," ಎಂದ ಲಬೀಬ್. "ಆಸ್ಪತ್ರೆಯೋರು ಓದಿದೋರು! ಅವರಿಗೆ ಇಷ್ಟೂ ಗೊತ್ತಾಗಲ್ವಾ?"

"ನಿಮ್ಮಂಥವರು ಅವರಿಗೆ ಪಾಠ ಹೇಳಬೇಕು ನೋಡಿ," ಎಂದರು ಡಾಕ್ಟರು. ದಮ್ಯಾನಾ ಫ್ಯಾನು ನೋಡುತ್ತ ಕೂತಿದ್ದಳು. ನಾನು ನೆಲ ನೋಡಿದೆ.

ಗುಡ್ಡ ಹತ್ತುವಾಗ ಅವಳು ಕೇಳಿದ್ದು ಇಷ್ಟೇ: "ಒಂದು ಸೂಜಿ ಒಂದೇ ಜೀವ ಅಂತೀಯಲ್ಲ, ನಾನು ಯಾವ ಲೆಕ್ಕದಲ್ಲಿ ಬಂದೆ?"

ಕೆಲವು ತಿಂಗಳ ಮೇಲೆ ಮಾಡಿದ ರಕ್ತಪರೀಕ್ಷೆಯಲ್ಲಿ ಲಿವರ್ ತಿನ್ನುವ ಸೋಂಕು ಸಿಕ್ಕಿತು. ಮಾತ್ರೆಯಿಂದ ವಾಸಿಯಾಗುತ್ತದೆ ಎಂದರು. ದಮ್ಯಾನಾ ಮಾತ್ರೆ ನುಂಗುತ್ತ ಕಸ ಆರಿಸಿದಳು. ಲಬೀಬ್ ಬದಲಾಗಲಿಲ್ಲ ಅನ್ನಲಾರೆ. ಈಗ ಎರಡು ಪೇಪರಿನಲ್ಲಿ ಸುತ್ತುತ್ತಿದ್ದ.

ಮುಂದಿನ ತರಬೇತಿಗೆ ಅವನನ್ನೇ ಭಾಷಣಕ್ಕೆ ಕರೆದರು. ವಿಷಯ: ಆಸ್ಪತ್ರೆಗಳ ಅಸಡ್ಡೆ. ಹೋದ! ಹೆಂಡತಿಯ ಹೆಬ್ಬೆರಳಿನ ಕಥೆ ಹೇಳಿ ಕಣ್ಣೊರೆಸಿಕೊಂಡ, ಚಪ್ಪಾಳೆ ಬಿತ್ತು. ಭಾಷಣಕ್ಕೆ ತೊಟ್ಟ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳು ಅವಳೇ.

ಹಿಂದಿರುಗಿದಾಗ ಬಲ್ಬಿನ ಕೆಳಗೆ ಡಬ್ಬವಿರಲಿಲ್ಲ. ಅಂಗಳದಲ್ಲಿ ದಮ್ಯಾನಾ ಅದನ್ನು ಪಕ್ಕಕ್ಕಿಟ್ಟುಕೊಂಡು, ಅಂಗಡಿಯ ಚೀಲದಿಂದ ಒಂದೊಂದೇ ಸುರುಳಿ ಬಿಚ್ಚಿ ಸೂಜಿಗಳನ್ನು ಒಳಗೆ ಹಾಕುತ್ತಿದ್ದಳು. ಕೈಗೆ ಅವನ ಕೈಗವಸು.

"ಅಯ್ಯೋ, ಗಲೀಜಾಗುತ್ತಲ್ಲೇ!" ಎಂದ ಲಬೀಬ್.

ಅವಳು ತಲೆ ಎತ್ತಲಿಲ್ಲ. "ತುಂಬ್ತಾ ಬಂತು. ನಾಳೆ ನೀನೇ ಹೊತ್ಕೊಂಡು ಹೋಗಿ ಡಾಕ್ಟರಮ್ಮಂಗೆ ಕೊಡು. ಮುಚ್ಚಳ ತೆಗೆದು ನೋಡ್ಲಿ. ಇಷ್ಟೊಂದು ಹಚ್ಚೆ ಹಾಕೋ ಆಸ್ಪತ್ರೆ ಯಾವುದು ಅಂತ ಅವರೇ ಕೇಳ್ತಾರೆ."