ವಾಪಸ್ ಹೋದ ತಾಟು

ಹೋದ ತಿಂಗಳು ಪುಣೆಯಲ್ಲಿ ನನ್ನ ಒಡಹುಟ್ಟಿದ ತಂಗಿ ನನಗಾಗಿಯೇ ಮಾಡಿ ಕಳಿಸಿದ ಊಟದ ತಾಟನ್ನು ನಾನು ಮುಟ್ಟದೆ ವಾಪಸ್ ಕಳಿಸಿದೆ.

ಜಮಖಂಡಿಯಲ್ಲಿ ಮೂವತ್ತು ವರ್ಷದಿಂದ ಖಾನಾವಳಿ ನಡೆಸುವವನು ನಾನು. ತುಂಬಿದ ತಾಟು ತುಂಬಿದ ಹಾಗೇ ಒಳಗೆ ಬಂದರೆ ಅಡುಗೆ ಮಾಡಿದವರ ಜೀವಕ್ಕೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಳಿಸಿದೆ. ಯಾಕೆ ಅಂತ ಕೇಳಿದಾಗ ಅವಳಿಗೆ ಒಂದು ಕಾರಣ ಹೇಳಿದೆ. ಅವಳು ನಕ್ಕಳು. ಅಲ್ಲಿದ್ದವರೆಲ್ಲ ನಕ್ಕರು. ಆ ಕಾರಣ ಅರ್ಧ ಮಾತ್ರ ಖರೆ.

ಮೊದಲು ಖರೆ ಇದ್ದ ಅರ್ಧ ಹೇಳುತ್ತೇನೆ.

ನಮ್ಮ ಕಡೆ ಬಡಿಸಲು ಬಂದವರಿಗೆ ಮೊದಲ ಸಲಕ್ಕೇ ಹೂಂ ಅನ್ನುವವರುಂಟೇ? ‘ಬ್ಯಾಡ್ರಿ’ ಅನ್ನಬೇಕು. ಎರಡನೇ ಸಲ ‘ಸಾಕ್ರಿ, ಹೊಟ್ಟಿ ತುಂಬೇತಿ’ ಅನ್ನಬೇಕು. ಮೂರನೇ ಸಲ ಬಡಿಸುವವರು ಕೇಳುವುದೇ ಇಲ್ಲ, ಹಾಕಿಬಿಡುತ್ತಾರೆ. ಆಗ ‘ಏನ್ರಿ ನೀವು’ ಅಂತ ಗೊಣಗುತ್ತ ಉಣ್ಣಬೇಕು. ಗಲಗಲಿಯ ನಮ್ಮ ಸೋದರಮಾವ ಎರಡೂ ಅಂಗೈ ತಾಟಿನ ಮೇಲೆ ಮುಚ್ಚಿ ಕೂಡುತ್ತಿದ್ದ. ನಮ್ಮ ಅವ್ವ ಅವನ ಕೈ ಮೇಲೇ ಬಿಸಿ ರೊಟ್ಟಿ ಇಡುತ್ತಿದ್ದಳು. ಅವನು ಕೈ ತೆಗೆಯುತ್ತಿದ್ದ, ರೊಟ್ಟಿ ತಾಟಿಗೆ ಬೀಳುತ್ತಿತ್ತು. ಇಬ್ಬರಿಗೂ ಸಮಾಧಾನ. ಮುಧೋಳದಲ್ಲಿ ನನ್ನ ಹೆಂಡತಿಯ ತವರುಮನೆಯಲ್ಲಿ ಒಮ್ಮೆ ನಾನು ನಾಲ್ಕನೇ ಹೋಳಿಗೆಗೆ ಒಂದೇ ಸಲ ಬ್ಯಾಡ ಅಂದು ಹಾಕಿಸಿಕೊಂಡಿದ್ದಕ್ಕೆ, ಅಳಿಯನಿಗೆ ನಾಚಿಕೆ ಕಡಿಮೆ ಅಂತ ಮಾತು ಬಂದಿತ್ತು.

ನನ್ನ ಖಾನಾವಳಿಗೆ ಬಡಿಸಲು ಯಾರೇ ಹೊಸಬರು ಸೇರಲಿ, ಮೊದಲ ಪಾಠ ಇದೇ. ಗಿರಾಕಿ ಬ್ಯಾಡ ಅಂದರೆ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ಬಾ. ರೊಟ್ಟಿ ಬುಟ್ಟಿ ಮಾತ್ರ ಒಳಗೆ ಒಯ್ಯಬೇಡ. (ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ನನಗೆ ಕಲಿಸಲು ಬರುವ ಪಾಠ ಇದೊಂದೇ. ಈ ಅಂಕಣದ ಕಾಗುಣಿತ ತಿದ್ದುವ ಸಂಪಾದಕರಿಗೆ ಆ ಸಂಗತಿ ಚೆನ್ನಾಗಿ ಗೊತ್ತು.)

ಇನ್ನು ನನ್ನ ತಂಗಿ. ಹೆಸರು ಮಹಾದೇವಿ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಬೆಳಗಾವಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ನಾಲ್ಕು ವರ್ಷದ ಹಿಂದೆ ಪುಣೆಯ ಒಂದು ಇಟಾಲಿಯನ್ ರೆಸ್ಟೋರೆಂಟಿನ ಅಡುಗೆಮನೆ ಸೇರಿದಳು. ತರಕಾರಿ ಹೆಚ್ಚುವ ಮೂಲೆಯಿಂದ ಶುರು. ಈ ವರ್ಷ ಹೆಡ್ ಶೆಫ್ ಆಗಿದ್ದಾಳೆ. ಅಂದರೆ ಆ ಅಡುಗೆಮನೆಗೆ ಅವಳೇ ಯಜಮಾನಿ. ಹೊಸ ಮೆನುವಿನಲ್ಲಿ ಅವಳೇ ಕಟ್ಟಿದ ಪದಾರ್ಥಗಳಿವೆ.

ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದಳು, ಅಣ್ಣ ಒಮ್ಮೆ ಬಂದು ಉಂಡು ಹೋಗು ಅಂತ. ಖಾನಾವಳಿ ಮುಚ್ಚಿ ಬರುವುದು ಹೇಗೆ ಅನ್ನುತ್ತಿದ್ದೆ. ಹೆಡ್ ಶೆಫ್ ಆದ ಮೇಲೆ ಅವಳು ನನ್ನನ್ನು ಕೇಳಲೇ ಇಲ್ಲ. ನನ್ನ ಹೆಂಡತಿ ಗಿರಿಜಾಗೆ ಫೋನ್ ಮಾಡಿದಳು. ಗಿರಿಜಾ ಬಸ್ ಟಿಕೆಟ್ ತಗೊಂಡೇ ನನಗೆ ಹೇಳಿದ್ದು.

ಹೋದೆವು. ಮಧ್ಯಾಹ್ನದ ಹೊತ್ತು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಮೆಲ್ಲಗೆ ಸಂಗೀತ. ಆಫೀಸಿನವರು, ಕಾಲೇಜಿನ ಹುಡುಗಿಯರು, ಮಕ್ಕಳನ್ನು ಕಟ್ಟಿಕೊಂಡ ಸಂಸಾರಸ್ಥರು. ಎಲ್ಲರೂ ಮನೆಯ ಹಜಾರದಲ್ಲಿ ಕುಳಿತಷ್ಟು ಆರಾಮಾಗಿದ್ದರು. ಅವಸರ ಯಾರಿಗೂ ಇಲ್ಲ. ನನ್ನ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಉಣ್ಣುವವನ ಬೆನ್ನ ಹಿಂದೆ ಇನ್ನೊಬ್ಬ ನಿಂತು ಅವನ ಕೊನೆಯ ತುತ್ತು ಎಣಿಸುತ್ತಿರುತ್ತಾನೆ.

ಅಡುಗೆಮನೆಗೂ ನಮಗೂ ನಡುವೆ ಒಂದೇ ಗಾಜಿನ ಗೋಡೆ. ಒಳಗೆ ನಡೆಯುವುದೆಲ್ಲ ಕಾಣುತ್ತದೆ. (ನನ್ನ ಖಾನಾವಳಿಗೆ ಅಂಥ ಗೋಡೆ ಹಾಕಿದರೆ ಗಿರಾಕಿಗಳ ಗತಿ ಏನಾಗಬೇಕು?) ಬಿಳಿ ಕೋಟು ಹಾಕಿ, ತಲೆಗೆ ಕರಿ ಟೊಪ್ಪಿಗೆ ಇಟ್ಟುಕೊಂಡು ನನ್ನ ತಂಗಿ ನಡುವೆ ನಿಂತಿದ್ದಳು. ಸುತ್ತ ಎಂಟು ಜನ ಗಂಡಸರು, ಇಬ್ಬರು ಹೆಣ್ಣುಮಕ್ಕಳು. ಅವಳು ತಲೆ ಎತ್ತದೆ ಏನೋ ಹೇಳಿದರೆ ಎಲ್ಲರ ಬಾಯಿಂದ ಒಂದೇ ಉತ್ತರ: ಎಸ್ ಶೆಫ್. ಅವಳಿಗಿಂತ ಒಂದು ಗೇಣು ಎತ್ತರದ ಗಡ್ಡದವನೊಬ್ಬ ಚಮಚ ಹಿಡಿದು ಬಂದು ರುಚಿ ತೋರಿಸಿದ. ಅವಳು ತಲೆ ಅಡ್ಡ ಆಡಿಸಿದಳು. ಅವನು ಪಾತ್ರೆ ಎತ್ತಿಕೊಂಡು ಮತ್ತೆ ಒಲೆಗೆ ಹೋದ.

ನಾನು ಒಂದು ರೊಟ್ಟಿಗೆ ಮೂರು ಸಲ ಕೂಗುತ್ತೇನೆ. ಅವಳು ಒಮ್ಮೆಯೂ ಕೂಗಲಿಲ್ಲ.

ನನ್ನ ಎದೆ ಉಬ್ಬಿತು ಅಂದರೆ ಕಡಿಮೆ ಹೇಳಿದ ಹಾಗೆ. ಪಕ್ಕದ ಟೇಬಲ್ಲಿನವರನ್ನು ಕರೆದು ಆಕೆ ನನ್ನ ತಂಗಿ ಅನ್ನಬೇಕು ಅನ್ನಿಸಿತು. ಅದೇ ಹೊತ್ತಿಗೆ ಯಾರೋ ವಿದೇಶಿ ದಂಪತಿ ಅವಳನ್ನು ಹೊರಗೆ ಕರೆಸಿ, ಎದ್ದು ನಿಂತು ಕೈ ಕುಲುಕಿದರು. ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿ ಅವರನ್ನು ನಗಿಸಿದಳು. ಸಾಲಿಗೆ ಹೋಗುವಾಗ ನನ್ನ ಸೈಕಲ್ ಮೇಲೆ ಹಿಂದೆ ಕೂತು ಅಂಗಿ ಬಿಗಿಯಾಗಿ ಹಿಡಿಯುತ್ತಿದ್ದ ಹುಡುಗಿ.

ಬುಟ್ಟಿಯಲ್ಲಿ ಬ್ರೆಡ್ ಬಂತು. ಅದನ್ನು ಎಲ್ಲಿ ಮಾಡುತ್ತೀರಿ ಅಂತ ವೇಟರನನ್ನು ಕೇಳಿದೆ. ಹೊರಗಿನ ಬೇಕರಿಯಿಂದ ಬರುತ್ತದೆ ಅಂದ. ಎರಡು ತುಂಡು ತಿಂದೆ.

ಆಮೇಲೆ ಬಂದದ್ದು ತಾಟು. ಸಾಣಿಗೆಯಷ್ಟು ಅಗಲ, ನಡುವೆ ಐದೇ ಐದು ಪುಟ್ಟ ಕಡುಬಿನಂಥವು, ಮೇಲೆ ಹಸಿರು ಎಲೆ. ವೇಟರ್ ಗಿರಿಜಾಳ ಮುಂದೆ ಒಂದು ಇಟ್ಟ. ಇನ್ನೊಂದನ್ನು ನನ್ನ ಮುಂದೆ ತಂದು, ಇದು ಶೆಫ್ ನಿಮಗಾಗಿ ಕೈಯಾರೆ ಮಾಡಿದ್ದು ಅಂತ ಹಿಂದಿಯಲ್ಲಿ ಹೇಳಿದ.

ನನ್ನ ಕೈ ಅಡ್ಡ ಹೋಯಿತು. ಬ್ಯಾಡ, ಸಾಕು ಅಂದೆ.

ಅವನು ಎರಡು ಹೆಜ್ಜೆ ಹೋಗಿ ತಿರುಗಿ ಬರಲಿಲ್ಲ. ಪಾಪ, ಅವನಿಗೆ ಆ ಪಾಠ ಯಾರು ಹೇಳಿಕೊಡಬೇಕು? ದೊಡ್ಡ ಊರಿನಲ್ಲಿ ಬ್ಯಾಡ ಅಂದರೆ ಬ್ಯಾಡ. ನೋ ಪ್ರಾಬ್ಲಮ್ ಸರ್ ಅಂದು, ನಕ್ಕು, ತಾಟನ್ನು ನೆಟ್ಟಗೆ ಒಳಗೆ ಒಯ್ದ.

ಗಾಜಿನ ಗೋಡೆಯ ಆಚೆ ಮಹಾದೇವಿ ಆ ತಾಟನ್ನು ನೋಡಿದಳು. ಹೊರಗೆ ನಮ್ಮ ಕಡೆ ನೋಡಲಿಲ್ಲ. ಚಮಚ ತಗೊಂಡು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಅಡುಗೆಯವರು ಯಾವತ್ತೂ ಮೊದಲು ಮಾಡುವುದು ಅದನ್ನೇ. ತಪ್ಪು ತನ್ನ ಕೈಯದೇ ಇರಬೇಕು ಅಂತ ರುಚಿ ನೋಡುತ್ತಾರೆ. ಗಡ್ಡದವನನ್ನು ಕರೆದು ಅವನಿಗೂ ಕೊಟ್ಟಳು. ಅವನು ಚಲೋ ಇದೆ ಅನ್ನುವಂತೆ ತಲೆಯಾಡಿಸಿದ. ಅವಳು ಉಳಿದದ್ದನ್ನು ಕಸದ ಬುಟ್ಟಿಗೆ ಸುರಿದು, ಕೈ ಒರೆಸಿಕೊಂಡು, ಹೊರಗೆ ನಮ್ಮ ಟೇಬಲ್ಲಿಗೆ ಬಂದಳು.

“ಉಪ್ಪ ಹೆಚ್ಚಾಗಿತ್ತೇನ ಅಣ್ಣಾ?” ಅಂದಳು.

ಮುಟ್ಟಿದ್ದರಲ್ಲವೇ ಉಪ್ಪಿನ ಮಾತು ಅಂತ ಗಿರಿಜಾ ತನ್ನ ತಾಟಿನಿಂದ ತಲೆ ಎತ್ತದೆ ಹೇಳಿದಳು. ಅವಳು ಆಗಲೇ ನಾಲ್ಕು ಮುಗಿಸಿದ್ದಳು.

ಮಹಾದೇವಿ ನನ್ನ ಕುರ್ಚಿಯ ಹತ್ತಿರ ಬಗ್ಗಿದಳು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: “ಬ್ಯಾರೆ ಪಾತ್ರಿ ಇಟ್ಟಿದ್ನೆಣ್ಣ. ಹಿಟ್ಟೂ ಬ್ಯಾರೆ ನಾದೀನಿ, ಮೊಟ್ಟಿ ಹಾಕಿಲ್ಲ. ನಸುಕಿನಾಗ ಯಾರೂ ಬರೂದಕ್ಕಿಂತ ಮೊದಲ ಬಂದು ನಾನ ಅಡಗಿ ಕಟ್ಟಿ ತೊಳದೀನಿ.”

ನಮ್ಮದು ಮೊಟ್ಟೆಯ ಹೆಸರು ಎತ್ತಿದರೂ ಅವ್ವ ಎದ್ದು ಒಳಗೆ ಹೋಗುವ ಮನೆ. ಅವಳ ಅಡುಗೆಮನೆಯಲ್ಲಿ ಮೀನು ಬೇಯುತ್ತದೆ, ಕೋಳಿ ಬೇಯುತ್ತದೆ. ನನ್ನ ಮನಸ್ಸಿನಲ್ಲಿ ಏನಿದೆ ಅಂತ ನಾನು ಬಸ್ ಹತ್ತುವ ಮೊದಲೇ ಅವಳಿಗೆ ಗೊತ್ತಿತ್ತು. ಅದಕ್ಕೇ ಕಟ್ಟೆ ತೊಳೆದಿದ್ದಳು. ಆ ಕಡೆ ಎಲ್ಲರೂ ಎಸ್ ಶೆಫ್ ಅನ್ನುವ ಹೆಣ್ಣುಮಗಳು, ಈ ಕಡೆ ನನ್ನ ಕುರ್ಚಿಯ ಪಕ್ಕದಲ್ಲಿ ಬಗ್ಗಿ, ತಾನು ಶುದ್ಧವಾಗಿದ್ದೇನೆ ಅಂತ ಸಾಕ್ಷಿ ಹೇಳುತ್ತಿದ್ದಳು.

ಆಗ ನಾನೇನು ಮಾಡಬೇಕಿತ್ತು?

ನಕ್ಕುಬಿಟ್ಟೆ. “ಏ ಹುಚ್ಚಿ, ನಾವು ಒಂದ ಸಲಕ್ಕ ಹೂಂ ಅಂತೇವೇನ ಬೇ? ಇನ್ನೊಮ್ಮಿ ಕೇಳ್ತಾನಂತ ಕುಂತಿದ್ನಿ. ಅವ ನೆಟ್ಟಗ ಒಯ್ದಬಿಟ್ಟ.”

ಅವಳ ಮುಖ ಅರಳಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಒಳಗೆ ಹೋಗಿ ಎಲ್ಲರಿಗೂ ಹೇಳಿದಳು. ಇಡೀ ಅಡುಗೆಮನೆ ನಕ್ಕಿತು. ವೇಟರ್ ಬಂದು ನನ್ನ ಕಾಲಿಗೇ ಬಿದ್ದ. ಹತ್ತು ನಿಮಿಷಕ್ಕೆ ಅವಳೇ ಹೊಸ ತಾಟು ಹಿಡಿದು ಬಂದು, ಸೆರಗು ಸಿಕ್ಕಿಸಿದವಳ ಹಾಗೆ ಕೋಟಿನ ತೋಳು ಮೇಲೇರಿಸಿ, ಹಾಕ್ಲೇನಣ್ಣ ಅಂತ ಕೇಳಿದಳು. ಬ್ಯಾಡ ಅಂದೆ. ಮತ್ತೆ ಕೇಳಿದಳು. ಸಾಕು ಅಂದೆ. ಮೂರನೇ ಸಲ ಕೇಳದೆ ಇಟ್ಟಳು. ಸುತ್ತಲಿದ್ದವರು ಚಪ್ಪಾಳೆ ಹೊಡೆದರು.

ಉಂಡೆ. ಒಳಗೆ ಕುಂಬಳಕಾಯಿಯ ಹೂರಣ, ಸ್ವಲ್ಪ ಸಿಹಿ, ಸ್ವಲ್ಪ ಖಾರ, ಮೇಲೆ ಕರಗಿದ ಬೆಣ್ಣೆ. ಹಿಟ್ಟಿನ ಪದರು ವೀಳ್ಯದೆಲೆಯಷ್ಟು ತೆಳು, ಆದರೆ ಒಂದೂ ಒಡೆದಿರಲಿಲ್ಲ. ಮೂವತ್ತು ವರ್ಷದಲ್ಲಿ ನನ್ನ ಖಾನಾವಳಿಯಿಂದ ಅಷ್ಟು ಅಚ್ಚುಕಟ್ಟಾದ ಒಂದು ಪದಾರ್ಥ ಹೊರಗೆ ಬಂದಿಲ್ಲ. ಇದು ತಂಗಿ ಅನ್ನುವ ಪ್ರೀತಿಗೆ ಆಡಿದ ಮಾತಲ್ಲ. ಅಡುಗೆಯವನು ಅಡುಗೆಯವಳ ಬಗ್ಗೆ ಹೇಳುವ ಮಾತು.

ಇಲ್ಲಿಗೆ ಮುಗಿಸಿದ್ದರೆ ಚಲೋ ಅಂಕಣ ಆಗುತ್ತಿತ್ತು, ಅಲ್ಲವೇ? ನೀವು ನಗುತ್ತಿದ್ದಿರಿ. ನಾನೂ ಮುಗಿಸುವವನೇ ಇದ್ದೆ.

ಊರಿಗೆ ಬರುವ ಬಸ್ಸಿನಲ್ಲಿ, ಮಿರಜ್ ದಾಟಿದ ಮೇಲೆ, ಗಿರಿಜಾ ಕಿಟಕಿಯ ಹೊರಗೆ ನೋಡುತ್ತ ಒಂದು ಮಾತು ಅಂದಳು.

“ಬ್ರೆಡ್ ಬಂದಾಗ ಒಂದ ಸಲಾನೂ ಬ್ಯಾಡ ಅನಲಿಲ್ಲಲ್ರೀ ನೀವು.”

 

ಇದೇ ಉಳಿದ ಅರ್ಧ. ಹೊರಗಿನ ಬೇಕರಿಯ ಬ್ರೆಡ್ಡಿಗೆ ಮರ್ಯಾದೆ ನೆನಪಾಗದ ಕೈ, ತಂಗಿಯ ತಾಟಿಗೆ ಮಾತ್ರ ಅಡ್ಡ ಹೋಯಿತು. ಬ್ಯಾಡ ಅಂದಾಗ ನನಗೆ ಬ್ಯಾಡವೇ ಇತ್ತು. ಆ ತಾಟಿಗೆ ಎಂಥೆಂಥ ಕೈ, ಎಂಥೆಂಥ ಚಾಕು ತಗುಲಿದೆಯೋ ಅಂತ ಹೇಸಿದ್ದೆ. ಎರಡನೇ ಸಲ ಕೇಳಲಿ ಅಂತ ಕಾದಿದ್ದೆ ಅಂದೆನಲ್ಲ, ಅದು ತಾಟು ಹೋದ ಮೇಲೆ ಹೊಳೆದದ್ದು. ಆಗಲೂ ಆ ತಾಟು ತಿರುಗಿ ಬರದಿರಲಿ ಅಂತಲೇ ಕಾಯುತ್ತಿದ್ದೆ.

ಬಿಚ್ಚುತ್ತ ಹೋದರೆ ಇನ್ನೂ ಇದೆ. ನಾಲ್ಕು ವರ್ಷದಿಂದ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಮಹಾದೇವಿ, ಇವತ್ತು ಅಡುಗೆ ನಾನು ಮಾಡುತ್ತೇನೆ ಅನ್ನುತ್ತಾಳೆ. ದಣಿದು ಬಂದಿ, ಕುಂದ್ರು ತಂಗಿ ಅನ್ನುತ್ತೇನೆ. ಎಂಥ ಅಣ್ಣ ಅಂತ ಮಂದಿ ಹೊಗಳುತ್ತಾರೆ. ನಾಲ್ಕು ವರ್ಷ ಅವಳನ್ನು ನಮ್ಮ ಮನೆಯ ಒಲೆ ಮುಟ್ಟಗೊಟ್ಟಿಲ್ಲ ನಾನು. ತಂಗಿ ಏನು ಮಾಡುತ್ತಾಳೆ ಅಂತ ಗಿರಾಕಿಗಳು ಕೇಳಿದರೆ ‘ಪುಣೇದಾಗ ಮ್ಯಾನೇಜರ್ ಅದಾಳ್ರಿ’ ಅಂದಿದ್ದೇನೆ. ಅಡುಗೆ ಮಾಡಿ ಬದುಕುವ ನಾನು, ಅಡುಗೆಯವಳು ಅನ್ನಲು ನಾಚಿದೆ.

ಬ್ಯಾಡ ಅನ್ನುವುದು ನಮ್ಮ ಸೀಮೆಯ ಚೆಂದದ ಪದ್ಧತಿ. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಕೆಲವರ ಮನೆಯಲ್ಲಿ ನಾವು ಎರಡು ಸಲ ಬ್ಯಾಡ ಅಂದು ಮೂರನೇ ಸಲಕ್ಕೆ ಉಣ್ಣುತ್ತೇವೆ. ಇನ್ನು ಕೆಲವರ ಮನೆಯಲ್ಲಿ ಮೂರನೇ ಸಲಕ್ಕೂ, ಐದನೇ ಸಲಕ್ಕೂ ‘ಈಗ ಊಟ ಆತ್ರಿ’ ಅನ್ನುತ್ತೇವೆ, ಹೊಟ್ಟೆ ಚುರುಗುಟ್ಟುತ್ತಿದ್ದರೂ. ಎರಡೂ ಕಡೆ ಅದೇ ಮಾತು, ಅದೇ ನಗು. ಬಡಿಸುವವರಿಗೆ ಮಾತ್ರ ಯಾವುದು ಯಾವುದು ಅಂತ ಗೊತ್ತಾಗುತ್ತದೆ. ಅವರೂ ನಕ್ಕು, ತಾಟು ಎತ್ತಿಕೊಂಡು ಒಳಗೆ ಹೋಗುತ್ತಾರೆ. ಒಳಗೆ ಹೋದ ಮೇಲೆ ಏನು ಮಾಡುತ್ತಾರೆ ಅಂತ ನಾವು ನೋಡುವುದಿಲ್ಲ. ನನಗೆ ಗಾಜಿನ ಗೋಡೆ ಇತ್ತು, ನೋಡಿದೆ.

ಈ ತಿಂಗಳು ಮೂರು ಸಲ ಅವಳಿಗೆ ಫೋನ್ ಮಾಡಿದೆ, ಹೇಳಿಬಿಡಬೇಕು ಅಂತ. ಮೂರು ಸಲವೂ ಊಟ ಆತೇನು ಅಂತ ಕೇಳಿ ಇಟ್ಟೆ. ಬಾಯಿಂದ ಆಗದ್ದು ಬರೆದಾದರೂ ಆಗಲಿ ಅಂತ ಈ ವಾರ ಬರೆದಿದ್ದೇನೆ. ಗಿರಿಜಾ ಪ್ರತಿ ವಾರ ಈ ಪುಟದ ಫೋಟೋ ತೆಗೆದು ಅವಳಿಗೆ ಕಳಿಸುತ್ತಾಳೆ. ಸೋಮವಾರ ಅವಳ ರೆಸ್ಟೋರೆಂಟಿಗೆ ರಜೆ. ಅವತ್ತು ಓದುತ್ತಾಳೆ.

ಅಲ್ಲಿಯವರೆಗೆ ನಾನು ಒಂದು ಕೆಲಸ ಶುರು ಮಾಡಿದ್ದೇನೆ. ಮೊನ್ನೆ ಬನಹಟ್ಟಿಯಿಂದ ಸೀರೆ ವ್ಯಾಪಾರಕ್ಕೆ ಬರುವ ಹಳೇ ಗಿರಾಕಿಯೊಬ್ಬರು ಉಣ್ಣುತ್ತ, ನಿಮ್ಮ ಮ್ಯಾನೇಜರ್ ತಂಗಿ ಹೇಗಿದ್ದಾಳೆ ಅಂತ ಕೇಳಿದರು. ಮ್ಯಾನೇಜರ್ ಅಲ್ಲ, ಅಡುಗೆಯವಳು ಅಂದೆ. ಹತ್ತು ಜನರ ಅಡುಗೆಮನೆಗೆ ಯಜಮಾನಿ, ಮೀನೂ ಬೇಯಿಸುತ್ತಾಳೆ, ಕೋಳಿಯೂ ಬೇಯಿಸುತ್ತಾಳೆ, ನನಗಿಂತ ನೂರು ಪಾಲು ಚಲೋ ಅಡುಗೆ ಮಾಡುತ್ತಾಳೆ ಅಂದೆ. ಅವರು ಕೈಯಲ್ಲಿನ ತುತ್ತು ಹಾಗೇ ಹಿಡಿದು ನನ್ನ ಮುಖ ನೋಡಿದರು. “ಮತ್ತ ಇಷ್ಟ ದಿನ ಯಾಕ ಮುಚ್ಚಿಟ್ಟಿದ್ರಿ?” ಅಂದರು.

ಅವರಿಗೆ ಇನ್ನೊಂದು ರೊಟ್ಟಿ ಹಾಕಿ ಈ ಕಡೆ ಬಂದೆ.

ಮಹಾದೇವಿ, ಓದಿ ಸಿಟ್ಟು ಬಂದರೆ ಬರಲಿ, ನಿನ್ನ ಸಿಟ್ಟು ನ್ಯಾಯವೇ. ಆದರೆ ಬರುವ ಹಬ್ಬಕ್ಕೆ ಮನೆಯ ಒಲೆಯ ಮುಂದೆ ನೀನೇ ನಿಲ್ಲಬೇಕು, ನಾನು ಮೊದಲನೇ ಸಲಕ್ಕೇ ಹೂಂ ಅನ್ನುತ್ತೇನೆ.