ಎಂಬತ್ತು ಗ್ರಾಮಿನ ಗಾಳದ ಕೋಲು

ನಮ್ಮ ಕಡೆಯವರ ಕೈಗೆ ಯಾವ ವಸ್ತುವನ್ನೇ ಕೊಟ್ಟು ನೋಡಿ, ಮೊದಲು ಅದನ್ನು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ಅಂದಾಜು ಮಾಡುತ್ತಾರೆ, ಆಮೇಲೆ ಅದೇನೆಂದು ಕೇಳುತ್ತಾರೆ. ತೆಂಗಿನಕಾಯಿಯಾಗಲಿ, ಇಡ್ಲಿ ಪಾತ್ರೆಯಾಗಲಿ, ಮದುವೆಯ ಕರೆಯೋಲೆಯೇ ಆಗಲಿ, ಕೈಗೆ ಭಾರವೆನಿಸಿದರೆ ಅದಕ್ಕೆ ಮರ್ಯಾದೆ. ಇಂಥ ಶಿವಮೊಗ್ಗದಲ್ಲಿ ಹುಟ್ಟಿ, ನೀರಾವರಿ ಇಲಾಖೆಯ ಕಲ್ಲು-ಸಿಮೆಂಟುಗಳ ಸಾನ್ನಿಧ್ಯದಲ್ಲಿ ಇಂಜಿನಿಯರಾಗಿ ಆಯುಷ್ಯದ ಅರ್ಧಕ್ಕಿಂತ ಹೆಚ್ಚನ್ನು ಸವೆಸಿ ನಿವೃತ್ತನಾದ ನಾನು, ಎಂಬತ್ತು ಗ್ರಾಂ ತೂಗುವ ಒಂದು ಗಾಳದ ಕೋಲಿಗೆ ಮರುಳಾದೆನೆಂದರೆ ನೀವು ನಗಬಹುದು. ಸಂಕೋಚ ಬೇಡ, ನಗಿ. ನನ್ನ ಹೆಂಡತಿ ಗಿರಿಜೆ ಆಗಲೇ ನಕ್ಕು ಮುಗಿಸಿದ್ದಾಳೆ.

ಈ ವ್ಯಾಮೋಹ ಅಂಟಿದ್ದು ಹಿಮಾಚಲದಲ್ಲಿ. ಅಡುಗೆಭಟ್ಟರನ್ನೂ ಅವಲಕ್ಕಿಯ ಮೂಟೆಯನ್ನೂ ಬಸ್ಸಿನಲ್ಲೇ ಕಟ್ಟಿಕೊಂಡು ಹೋಗುವ ಪ್ರವಾಸಗಳಿವೆಯಲ್ಲ, ಅಂಥದ್ದೊಂದರಲ್ಲಿ ನಾವೂ ಹೋಗಿದ್ದೆವು. ಕುಲುವಿನ ದಾರಿಯಲ್ಲಿ, ಉಪ್ಪಿಟ್ಟಿಗೆಂದು ಬಸ್ಸು ನಿಂತ ಕಡೆ, ಕೆಳಗಿನ ಹೊಳೆಯಲ್ಲಿ ಮುದುಕನೊಬ್ಬ ಮೊಣಕಾಲುದ್ದ ನೀರಿನಲ್ಲಿ ನಿಂತು ಕಡ್ಡಿಯಂಥ ಕೋಲೊಂದನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಅವನ ತಲೆಯ ಮೇಲೆ ಹಳದಿ ದಾರವೊಂದು ಉದ್ದಕ್ಕೆ ಬಿಡಿಸಿಕೊಂಡು, ಮಡಿಸಿಕೊಂಡು, ಕೊನೆಗೆ ನೀರಿಗೂ ಗೊತ್ತಾಗದ ಹಾಗೆ ಇಳಿಯುತ್ತಿತ್ತು. ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಹಾಗೆ ಗಾಳ ಹಾಕುತ್ತಾರಂತೆ. ಗಾಳದ ತುದಿಗೆ ಹುಳುವಿಲ್ಲ. ದಾರ, ಪುಕ್ಕಗಳಿಂದ ಕಟ್ಟಿದ ಸುಳ್ಳು ನೊಣ. ಆ ನೊಣಕ್ಕೆ ತೂಕವೇ ಇಲ್ಲದ್ದರಿಂದ ದಾರವೇ ತನ್ನ ಭಾರದಿಂದ ಅದನ್ನು ಹೊತ್ತೊಯ್ಯಬೇಕು, ದಾರಕ್ಕೆ ಆ ಓಟವನ್ನು ಕೋಲು ಕೊಡಬೇಕು. ನೀರಿನೊಂದಿಗೆ ಬಾಳುವೆ ಮಾಡಿಯೂ ನೀರಿನ ಮೇಲೆ ಇಷ್ಟು ನಯವಾದ ಕೆಲಸವೊಂದು ಸಾಧ್ಯವೆಂದು ನನಗೆ ತಿಳಿದೇ ಇರಲಿಲ್ಲ. ನನ್ನ ಉಪ್ಪಿಟ್ಟು ತಣ್ಣಗಾಗಿ ಹೋಯಿತು.

ಊರಿಗೆ ಬಂದವನೇ ಅಂಥದೇ ಕೋಲು ತರಿಸಿದೆ. ನಾಲ್ಕು ತುಂಡುಗಳಾಗಿ ಬಿಚ್ಚಿಕೊಳ್ಳುವ ಅದನ್ನು ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸಿದಾಗ ಎಂಬತ್ತು ಗ್ರಾಂ ಬಂತು. ಒಂದು ಎಳೆ ಸೌತೆಕಾಯಿಗಿಂತ ಕಡಿಮೆ! ತುಂಗೆಯಲ್ಲಾಗಲಿ ಭದ್ರೆಯಲ್ಲಾಗಲಿ ಟ್ರೌಟ್ ಎಂಬ ಪ್ರಾಣಿಯೇ ಇಲ್ಲ, ತ್ಯಾವರೆಕೊಪ್ಪದ ಮೃಗಾಲಯದಲ್ಲಿ ಹುಲಿ ಸಿಂಹಗಳ ಪಕ್ಕ ಒಂದು ತೊಟ್ಟಿ ಕಟ್ಟಿ ಇಟ್ಟರಷ್ಟೇ ಉಂಟು ಎಂಬ ವಾಸ್ತವ ನನ್ನ ಉತ್ಸಾಹಕ್ಕೆ ಅಡ್ಡಿಯಾಗಲಿಲ್ಲ. ಅಡ್ಡಿಯಾದದ್ದು ಗಿರಿಜೆ. "ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ! ಏನ್ರೀ ಇದು ನಿಮ್ಮ ಅವತಾರ?" ಎಂದಳು. ಹಿಡಿದ ಮೀನನ್ನೆಲ್ಲ ನೀರಿಗೇ ಬಿಟ್ಟುಬಿಡುತ್ತೇನೆ, ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದೇನೆ ಎಂದೆಲ್ಲ ಸಮಜಾಯಿಷಿ ಕೊಟ್ಟೆ. ಅವಳು ಸೀರೆಗೆ ಕುಚ್ಚು ಕಟ್ಟುವ ರೇಷ್ಮೆದಾರದಲ್ಲಿ ಒಂದೆರಡೆಳೆ ಕದ್ದು ನಾಲ್ಕು ನೊಣಗಳನ್ನೂ ಕಟ್ಟಿಕೊಂಡೆ. ಅವು ನೊಣದ ಹಾಗೆ ಕಾಣದೆ ಸೀರೆಯ ಕುಚ್ಚಿನ ಹಾಗೆಯೇ ಕಂಡವು.

ವಿದ್ಯಾನಗರದ ನಮ್ಮ ತಾರಸಿಯ ಮೇಲೆ ಅಭ್ಯಾಸ ಶುರುವಾಯಿತು. ದಾರ ನನ್ನ ಕಿವಿಗೆ ಸುತ್ತಿಕೊಂಡಿತು, ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು, ಒಮ್ಮೆ ಡಿಶ್ ಆಂಟೆನಾಕ್ಕೆ ತಗುಲಿ ಗಿರಿಜೆಯ ಧಾರಾವಾಹಿಯ ನಿರ್ಣಾಯಕ ಘಟ್ಟವನ್ನೇ ಕಸಿಯಿತು. ಪಕ್ಕದ ಮನೆಯಾಕೆ ನಾನು ಕಾಗೆ ಓಡಿಸುತ್ತಿದ್ದೇನೆಂದು ತಿಳಿದು, "ಹೆಂಗೂ ಇಲ್ಲೇ ಇರ್ತೀರಲ್ಲ ಸಾರ್, ನಮ್ಮ ಸಂಡಿಗೇನೂ ಒಂಚೂರು ನೋಡ್ಕೊಳಿ" ಎಂದರು. ಮೂರು ತಿಂಗಳಲ್ಲಿ ನನಗೆ ಒಂದು ಮೀನೂ ಸಿಗಲಿಲ್ಲ, ಆಕೆಯ ಸಂಡಿಗೆಯೂ ಒಂದೂ ಹೋಗಲಿಲ್ಲ.

ಆದರೂ ಆ ಕೋಲಿನ ಸೆಳೆತ ಎಂಥದೆಂದು ಹೇಗೆ ಹೇಳಲಿ? ಹೆಬ್ಬೆರಳಿನ ಕೆಳಗೆ ಅದು ಸದಾ ಸಣ್ಣಗೆ ಮಿಡಿಯುತ್ತಿರುತ್ತದೆ. ಗಾಳಿ ಬಂದರೂ ಗೊತ್ತಾಗುತ್ತದೆ, ದಾರದ ಮೇಲೆ ಒಣಗಿದ ಎಲೆ ಬಿದ್ದರೂ ಗೊತ್ತಾಗುತ್ತದೆ. ಇದನ್ನು ನಾನು ಯಾರಿಗಾದರೂ ತೋರಿಸಬೇಕೆಂದರೆ ಅದು ಸೆಲ್ವರಾಜನಿಗೆ.

ಸೆಲ್ವರಾಜ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು, ನನ್ನ ಓರಗೆಯವನು. ನಾನು ಹೊಸದಾಗಿ ನಾಲೆಯ ಉಸ್ತುವಾರಿಗೆ ಬಂದಾಗ, ಅಲ್ಲಿ ಗಾಳ ಹಾಕಿ ಕೂತಿದ್ದ ಅವನನ್ನು ಎಬ್ಬಿಸಲು ಜೀಪಿನಿಂದ ಇಳಿದೆ. "ಎರಡೇ ನಿಮಿಷ ಸಾರ್, ಕಚ್ಚೈತೆ" ಎಂದ. ಆ ಎರಡು ನಿಮಿಷ ಒಂದು ಮಧ್ಯಾಹ್ನವಾಗಿ, ಆ ಮಧ್ಯಾಹ್ನ ನಲವತ್ತು ವರ್ಷಗಳ ಸ್ನೇಹವಾಯಿತು. ಅಂದಿನಿಂದ ಅದೆಷ್ಟು ಭಾನುವಾರ ಭದ್ರೆಯ ದಂಡೆಯಲ್ಲಿ ಅವನು ಗಾಳ ಹಾಕಿ ಕೂತಿದ್ದಾನೋ, ನಾನು ಪಕ್ಕದ ಬಂಡೆಯ ಮೇಲೆ ಮೊಸರನ್ನದ ಡಬ್ಬಿ ಬಿಚ್ಚಿ ಕೂತಿದ್ದೇನೋ! ಅವನ ಕೋಲು ಗಟ್ಟಿ ಬಿದಿರಿನದು, ಒನಕೆಯ ಹಾಗೆ ಹೆಗಲ ಮೇಲೆ ಹೊರಬೇಕು. ಹತ್ತಾರು ಟನ್ ಕಬ್ಬಿಣವನ್ನು ದಿನವಿಡೀ ನೆತ್ತಿಯ ಮೇಲೆ ಸಾಗಿಸುತ್ತಿದ್ದವನಿಗೆ ಅದೇ ತಕ್ಕದ್ದೆಂದು ನಾನೂ ಒಪ್ಪಿಕೊಂಡಿದ್ದೆ.

ಕಳೆದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಮುಕ್ಕಾಲು ಪಾಲು ಮರಳಿತು, ಬಲಗೈ ಮಾತ್ರ ಸೋತಿತು. ಎರಡು ಬೆರಳು ಮಾತು ಕೇಳುತ್ತವೆ, ಮೂರು ಕೇಳುವುದಿಲ್ಲ. ಬಿದಿರಿನ ಕೋಲನ್ನು ಎತ್ತಲು ಹೋಗಿ ಕೆಡವಿದ ದಿನ ಅದನ್ನು ಯಾರಿಗೋ ಕೊಟ್ಟುಬಿಟ್ಟನಂತೆ. "ನ್ಯೂ ಟೌನ್ ಮನೆ ಬಿಟ್ಟು ಎಲ್ಲೂ ಹೊರಡಲ್ಲ ಸಾರ್. ಹೊಳೆ ಅಂದ್ರೆ ಎದ್ದು ಒಳಗೋಗ್ತಾರೆ. ನೀವಾದ್ರೂ ಏನಾದ್ರೂ ಮಾಡಿ" ಎಂದು ಅವನ ಹೆಂಡತಿ ಕಸ್ತೂರಮ್ಮ ಫೋನಿನಲ್ಲಿ ಅತ್ತರು. ಹೊಳೆಗೆ ಹೋಗದ ಸೆಲ್ವರಾಜನನ್ನು ನಾನು ಊಹಿಸಿಕೊಳ್ಳಲಾರೆ. ಅವನನ್ನು ಮತ್ತೆ ದಂಡೆಗೆ ಕರೆತರಬೇಕು, ನನಗೆ ಬೇರೇನೂ ಬೇಕಿರಲಿಲ್ಲ.

ಮದ್ದು ನನ್ನ ಕೈಯಲ್ಲೇ ಇತ್ತಲ್ಲ! ಕೋಲಿನ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ಕೊಳಲೆಂದು ತಿಳಿದು ಯಾವ ಸಭೆಯಲ್ಲಿ ಕಚೇರಿಯೆಂದು ಗೌರವದಿಂದ ವಿಚಾರಿಸಿದ. ಅದೇ ಹುರುಪಿನಲ್ಲಿ ಸೆಲ್ವರಾಜನ ಜಗಲಿಯಲ್ಲಿ ಕೋಲು ಜೋಡಿಸಿ, "ನೋಡು ಮಾರಾಯ, ಬರೀ ಎಂಬತ್ತು ಗ್ರಾಂ! ಈ ಸ್ಥಿತಿಯಲ್ಲೂ ನೀನು ಆರಾಮಾಗಿ ಹಿಡೀಬಹುದು" ಎಂದುಬಿಟ್ಟೆ.

ಅವನು ಕೋಲನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಊದುಬತ್ತಿ ಕಡ್ಡಿ ಸಾರ್ ಇದು. ಕೈಲಾಗ್ದೋರ ಕೋಲು. ನಂಗ್ಯಾಕೆ?" ಎಂದು ಎದ್ದು, ಕಾಲೆಳೆಯುತ್ತ ಒಳಗೆ ಹೋದ. ಕಸ್ತೂರಮ್ಮ ತಂದಿಟ್ಟ ಕಾಫಿಯನ್ನು ನಾನೊಬ್ಬನೇ ಕುಡಿದೆ. ಟನ್ನುಗಳಲ್ಲಿ ಬದುಕಿದವನ ಮುಂದೆ ಗ್ರಾಮಿನ ಹೆಚ್ಚುಗಾರಿಕೆ ಕೊಚ್ಚಿಕೊಂಡ ನನ್ನ ದಡ್ಡತನಕ್ಕೆ ಏನು ಹೇಳಲಿ!

ಮನೆಗೆ ಬಂದು ಹೇಳಿದರೆ ಗಿರಿಜೆ ಸಮಾಧಾನವನ್ನೇನೂ ಮಾಡಲಿಲ್ಲ. "ಹಗುರ ಹಗುರ ಅಂತ ನೀವೇ ಕೆಡಿಸಿದ್ರಿ. ಅವರಿಗೆ ಕೊಡೋಕೆ ಹೋಗ್ಬೇಡ್ರಿ, ಅವರ ಹತ್ರ ಕೇಳೋಕೆ ಹೋಗಿ. ನಿಮಗೆ ಬರಲ್ಲ ಅನ್ನೋದು ಸುಳ್ಳೇನೂ ಅಲ್ವಲ್ಲ" ಎಂದಳು. ಸುಳ್ಳಂತೂ ಅಲ್ಲ, ಇಡೀ ಬೀದಿಗೆ ಗೊತ್ತಿದ್ದ ಸಂಗತಿ ಅದು.

ಮರುವಾರ ಹೋಗಿ, ಮೂರು ತಿಂಗಳಾದರೂ ಒಂದೂ ಸಿಕ್ಕಿಲ್ಲ, ತಪ್ಪೆಲ್ಲಿದೆಯೆಂದು ಬಂದು ನೋಡು ಎಂದು ಕೇಳಿಕೊಂಡೆ. "ನೋಡ್ತೀನಿ ಅಷ್ಟೇ. ಮುಟ್ಟಲ್ಲ" ಎಂದು ಚಪ್ಪಲಿ ಮೆಟ್ಟಿದ. ಕಸ್ತೂರಮ್ಮ ಬಾಗಿಲ ಮರೆಯಿಂದ ನನಗೆ ಕೈಮುಗಿದದ್ದು ಅವನಿಗೆ ಕಾಣಲಿಲ್ಲ.

ಆಟೋ ಇಳಿದು, ನಮ್ಮ ಹಳೆಯ ಬಂಡೆಯ ಮೇಲೆ ಅವನನ್ನು ಕೂರಿಸಿ, ನಾನು ನೀರಿಗಿಳಿದು ಬೀಸಿದೆ. ದಾರ ಹಿಂದಿನ ಹೊಂಗೆಮರಕ್ಕೆ ಹೋಯಿತು. ಬಿಡಿಸಿ ಮತ್ತೆ ಬೀಸಿದೆ, ನನ್ನ ಟೊಪ್ಪಿಗೆಗೆ ಬಂತು. ನಟನೆಯೆಂದು ತಿಳಿಯಬೇಡಿ, ಅದು ನನ್ನ ಅತ್ಯುತ್ತಮ ಪ್ರದರ್ಶನವಾಗಿತ್ತು. ಐದಾರು ಸಲ ಸಹಿಸಿಕೊಂಡ. ಆಮೇಲೆ ಅವನಿಗೆ ತಡೆಯಲಾಗಲಿಲ್ಲ.

"ಅಯ್ಯಯ್ಯೋ, ಲೋಡು ಹಿಂದೆ ಹೋಗಿ ನಿಲ್ಲೋಕೆ ಮುಂಚೆ ಯಾಕ್ ಸಾರ್ ಎಳೀತೀರಿ? ನನ್ನ ಕ್ರೇನಲ್ಲಿ ಹಿಂಗ್ ಮಾಡಿದ್ರೆ ಕೆಳಗಿರೋರ ತಲೆ ಹೋಗೋದು! ಕೊಡಿ ಇಲ್ಲಿ!"

ಕ್ರೇನಿನವರ ವಿದ್ಯೆ ಭಾರ ಎತ್ತುವುದರಲ್ಲಿಲ್ಲವೆಂದು ಅವನು ಹಿಂದೆಯೂ ಹೇಳುತ್ತಿದ್ದ, ಎತ್ತುವುದು ಮೋಟಾರು. ಸರಪಳಿಯ ತುದಿಯಲ್ಲಿ ತೂಗಾಡುವ ಲೋಡಿನ ಓಲಾಟವನ್ನು ಕಾದು, ಅದು ಕೊನೆ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಕೈ ಆಡಿಸಿ ನಿಲ್ಲಿಸುವುದೇ ಆ ವಿದ್ಯೆಯಂತೆ. ಎತ್ತಿಳಿಸುವ ಹಿಡಿ ಬಲಗೈಯದು, ಓಲಾಟ ನಿಲ್ಲಿಸುವ ಹಿಡಿ ಎಡಗೈಯದು. ನನ್ನ ಕೋಲನ್ನು ಕಿತ್ತುಕೊಂಡದ್ದು ಆ ಎಡಗೈ.

ಮೊದಲ ಸಲ ದಾರ ಸ್ವಲ್ಪ ಮುದುರಿತು. ಎರಡನೆಯ ಸಲ ಹಿಂದಕ್ಕೆ ಬೀಸಿ, ಕಾದ. ದಾರ ಪೂರ್ತಿ ಬಿಡಿಸಿಕೊಳ್ಳುವವರೆಗೆ ಹಿಂತಿರುಗಿ ನೋಡದೆ, ಕಣ್ಣು ಅರೆಮುಚ್ಚಿ ಕಾದು, ಮುಂದಕ್ಕೆ ತಳ್ಳಿದ. ನನ್ನ ಕುಚ್ಚು ತೇಲಿಹೋಗಿ, ಎದುರಿನ ಬಂಡೆಯ ನೆರಳಿಗೆ ಸದ್ದಿಲ್ಲದೆ ಇಳಿಯಿತು. ಮೂರು ತಿಂಗಳ ನನ್ನ ಶ್ರಮಕ್ಕೆ ದಕ್ಕದ್ದು ಅವನ ಎರಡೇ ಬೀಸಿಗೆ ದಕ್ಕಿದ್ದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆದರೆ ಕಣ್ಣು ಮಂಜಾಯಿತು.

ಹೀಗೇ ಅರ್ಧ ಗಂಟೆ ಕಳೆದಿರಬೇಕು. ನೀರು ಚಿಳಕ್ಕೆಂದಿತು. ಕೋಲು ತುದಿಯಿಂದ ಹಿಡಿಯವರೆಗೂ ಬಿಲ್ಲಾಗಿ ಬಾಗಿತು. "ಸಾರ್!" ಎಂದ ಸೆಲ್ವರಾಜ. ದಾರ ಎಳೆಯಲು ಇನ್ನೊಂದು ಕೈ ಬೇಕು. ನಾನು ನೆರವಿಗೆಂದು ಹೆಜ್ಜೆ ಮುಂದಿಟ್ಟವನು, ಅವನ ಮುಖ ನೋಡಿ ನಿಂತೆ. ಬಲಗೈ ನಿಧಾನವಾಗಿ ಮೇಲೆ ಬಂತು. ಮಾತು ಕೇಳುವ ಎರಡು ಬೆರಳು ದಾರವನ್ನು ಹಿಡಿದವು, ಗೇಣಷ್ಟು ಎಳೆದವು, ನಡುಗಿದವು, ಮತ್ತೆ ಹಿಡಿದವು. ಬಿದಿರಿನ ಕೋಲಾಗಿದ್ದರೆ ಅಂಥ ಮೀನು ಕಚ್ಚಿದ್ದೂ ತಿಳಿಯುತ್ತಿರಲಿಲ್ಲ. ಈ ಕೋಲಾದರೋ ಅದರ ಒಂದೊಂದು ಒದೆತವನ್ನೂ ಅವನ ಮೊಣಕೈವರೆಗೆ ತಲುಪಿಸುತ್ತಿತ್ತು. ಹಗುರವಾದದ್ದರ ಗುಣ ಇದೇ ಇರಬೇಕು, ಅದು ತನ್ನ ಭಾರವನ್ನು ನಡುವೆ ತರುವುದಿಲ್ಲ. ತುದಿಯಲ್ಲಿ ಮಿಸುಕಾಡುವ ಜೀವ ಎಷ್ಟಿದೆಯೋ ಅಷ್ಟೂ ನಮ್ಮ ಕೈ ಸೇರುತ್ತದೆ.

"ಭಾರ ಸಾರ್! ಅಯ್ಯೋ ಸಾಮಿ, ಏನ್ ಭಾರ ಸಾರ್!" ಎಂದು ಕೂಗುತ್ತಿದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೂ ದಡಕ್ಕೆ ಬಂದದ್ದು ಒಂದು ಗೆಂಡೆ ಮೀನು, ನನ್ನ ಅಂಗೈಯಷ್ಟು. ಮೀನನ್ನು ಬಿಟ್ಟುಬಿಡುವ ಮಾತನ್ನು ನಾನು ಎತ್ತಲೇ ಇಲ್ಲ. ಆ ವ್ರತ ನನ್ನದು, ಮೀನು ಅವನದು. ಅವನು ನನ್ನ ಜೇಬಿನಿಂದಲೇ ಫೋನು ತೆಗೆಸಿ, ಮನೆಗೆ ಹಚ್ಚಿಸಿ, ಸ್ಪೀಕರಿಗೆ ಹಾಕಿಸಿದ.

"ಕಸ್ತೂರಿ, ಮಸಾಲೆ ರುಬ್ಬು."

ಆ ಕಡೆ ಮೂಗೆಳೆದ ಸದ್ದಾಯಿತು. "ಎಷ್ಟು ಸಿಕ್ತು?"

"ಒಂದು."

"ಒಂದಕ್ಕೆ ಮಸಾಲೇನಾ?"

"ದೊಡ್ಡದು ಕಣೇ! ನಂಬಲ್ವಾ? ಸಾರ್ ಇಲ್ಲೇ ಅವ್ರೆ, ಕೇಳು" ಎಂದು ಫೋನಿನತ್ತ ಗದ್ದ ತೋರಿಸಿದ. ಕೋಲು ಅವನ ಕೈಯಲ್ಲೇ ಇತ್ತು. ಅದನ್ನು ಹಿಂದಿರುಗಿಸುವ ಯಾವ ಲಕ್ಷಣವೂ ಕಾಣಲಿಲ್ಲ.

ನಾನು ಬಾಗಿ ನೋಡಿದೆ. ದಡದಲ್ಲಿ ಆ ಅಂಗೈಯಗಲದ ಮೀನು ಮಿರಿ ಮಿರಿ ಮಿನುಗುತ್ತಿತ್ತು. ಇಲಾಖೆಯಲ್ಲಿದ್ದಷ್ಟು ಕಾಲ ನಾಲೆ, ತೂಬು, ಸೇತುವೆಗಳ ಎಷ್ಟೋ ಅಳತೆಗಳಿಗೆ, ಎರಡೆರಡು ಸಲ ಟೇಪು ಹಿಡಿದ ಮೇಲೂ, ಅಳುಕುತ್ತಲೇ ರುಜು ಹಾಕಿದವನು ನಾನು.

"ಹೌದು ಕಸ್ತೂರಮ್ಮ, ನಾನೇ ನೋಡ್ತಿದೀನಿ, ದೊಡ್ಡದೇ. ಜಾಸ್ತೀನೇ ರುಬ್ಬಿ" ಎಂದೆ. ಒಂದಿಷ್ಟೂ ಅಳುಕಿಲ್ಲದೆ ಎಂದೆ.